ಎಡಭುಜದ ಗೆರೆಗಳು

ಸೂಜಿ ಎಡಗೈ ಹೆಬ್ಬೆರಳಿಗೆ ನೆಟ್ಟದ್ದು ಟೈಲರಮ್ಮನಿಗೆ ಗೊತ್ತಾದದ್ದು ಬಿಳಿ ರೇಷ್ಮೆಯ ಮೇಲೆ ಕೆಂಪು ಚುಕ್ಕೆ ಕಂಡಾಗ. ನೋವೇ ಇರಲಿಲ್ಲ. ಅವಳು ಹೆದರಿದ್ದು ಅದಕ್ಕೇ. ಬಟ್ಟೆಯ ನಯ, ದಾರದ ಗಂಟು ಎಲ್ಲವನ್ನೂ ಕಣ್ಣಿಗಿಂತ ಮೊದಲು ಹೇಳುತ್ತಿದ್ದ ಬೆರಳುಗಳವು. ಅವು ಕೈಕೊಟ್ಟರೆ ಅವಳಿಗೆ ಬೇರೆ ಕಸುಬು ಬಾರದು.

"ಫೋನಿನ ಕಿರಣ ಕಣೇ," ಅಂದಳು ಅಕ್ಕ, ಫೋನಿನಲ್ಲೇ. "ಹದಿನೈದು ವರ್ಷದಿಂದ ದಿನಾ ಒಂದೂವರೆ ಗಂಟೆ ಅದೇ ಕಿವಿಗೆ ಇಟ್ಕೋತೀಯ. ಮೆದುಳಲ್ಲಿ ಗಡ್ಡೆ ಆಗುತ್ತಂತೆ."

"ಆ ಒಂದೂವರೆ ಗಂಟೆ ಮಾತಾಡೋದು ಯಾರು, ನಾನಾ?"

"ಅದೆಲ್ಲ ಆಮೇಲೆ. ಮೊದಲು ಡಾಕ್ಟ್ರಿಗೆ ತೋರಿಸು. ತೋರಿಸಿ ಬಂದು ಫೋನ್ ಮಾಡು."

ನರರೋಗದ ಡಾಕ್ಟರು ಅವಳಿಗಿಂತ ಚಿಕ್ಕ ಹೆಂಗಸು. ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ಹೇಳಿದರು: "ಗಡ್ಡೆ ಗಿಡ್ಡೆ ಏನಿಲ್ಲ. ಫೋನಿಂದ ಹಾಗಾಗುತ್ತೆ ಅನ್ನೋದಕ್ಕೆ ಇಷ್ಟು ವರ್ಷ ಹುಡುಕಿದ್ರೂ ಗಟ್ಟಿ ಪುರಾವೆ ಸಿಕ್ಕಿಲ್ಲಮ್ಮ, ಇನ್ನೂ ಹುಡುಕ್ತಾನೇ ಇದಾರೆ. ಅದಿರಲಿ, ಫೋನ್ ಹೇಗೆ ಹಿಡ್ಕೋತೀರಿ ತೋರಿಸಿ."

ಟೈಲರಮ್ಮ ಎಡಭುಜ ಎತ್ತಿ, ತಲೆ ವಾಲಿಸಿ, ನಡುವೆ ಫೋನು ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಇಲ್ಲದ ಮೆಷಿನ್ನಿಗೆ ಇಲ್ಲದ ಬಟ್ಟೆ ತಳ್ಳಿ ತೋರಿಸಿದಳು. ಡಾಕ್ಟರು ಆ ಫೋನನ್ನು ಮೆಲ್ಲಗೆ ಎಳೆದುಕೊಂಡರು.

"ನೋಡಿ, ಫೋನ್ ತೆಗೆದ್ರೂ ಭುಜ ಇಳೀಲಿಲ್ಲ. ಕುತ್ತಿಗೆಯಲ್ಲಿ ನರ ಒತ್ಕೊಂಡಿದೆ. ಈ ಅಭ್ಯಾಸ ಬಿಟ್ಟು ವ್ಯಾಯಾಮ ಮಾಡಿದ್ರೆ ಬೆರಳಿಗೆ ಸ್ಪರ್ಶ ವಾಪಸ್ ಬರಬಹುದು. ಬಿಡದಿದ್ರೆ ಕಷ್ಟ."

"ನನ್ನ ಭುಜ ಓರೆನಾ? ಗಿರಾಕಿ ಬಾಗಿಲಲ್ಲಿ ನಿಂತಾಗ್ಲೇ ಯಾವ ಭುಜ ಏರಿದೆ, ಯಾವುದು ಇಳಿದಿದೆ ಹೇಳೋಳು ನಾನು."

"ನಿಮ್ಮದನ್ನ ಅಳೆಯೋರು ಯಾರು?"

ಯಾರೂ ಇರಲಿಲ್ಲ. ಅಂಗಡಿಗೆ ಮರಳಿ ಅವಳು ತನ್ನ ಅಂಗಿಯ ಅಳತೆಗೆ ಕತ್ತರಿಸಿಟ್ಟ ಕಂದು ಕಾಗದದ ಪ್ಯಾಟರ್ನನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಹೊಸ ಅಂಗಿ ಹೊಲಿದಾಗಲೆಲ್ಲ ಎಡಗಡೆ ಕಾಲರಿನ ಹತ್ತಿರ ಸುಕ್ಕು ಬೀಳುತ್ತಿತ್ತು. ಗೆರೆ ತಪ್ಪಿದೆಯೆಂದು ಪ್ರತಿಸಲವೂ ಪೆನ್ಸಿಲಿನಿಂದ ತಿದ್ದಿ, ಗಿರಾಕಿಗಳ ಕಾಗದದಲ್ಲಿ ಮಾಡುವಂತೆ ಪಕ್ಕದಲ್ಲಿ ವರ್ಷ ಬರೆದಿಡುತ್ತಿದ್ದಳು. ಬಲಭುಜಕ್ಕೆ ಒಂದೇ ಗೆರೆ. ಎಡಭುಜಕ್ಕೆ ಹನ್ನೊಂದು, ಒಂದರ ಮೇಲೊಂದು, ಕೆರೆಯ ನೀರು ಏರಿದ ಗುರುತಿನ ಹಾಗೆ. ಒಂದು ಕಡೆ ಮಾತ್ರ ಗೆರೆ ಒಮ್ಮೆಲೇ ಅರ್ಧ ಬೆರಳಿನಷ್ಟು ಮೇಲಕ್ಕೆ ಜಿಗಿದಿತ್ತು. ಅವಳು ವರ್ಷ ನೋಡಿದಳು. ಭಾವ ತೀರಿಕೊಂಡ ವರ್ಷ. ಆಗ ಅಕ್ಕ ಫೋನಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಅಳುತ್ತಿದ್ದಳು.

ಟೈಲರಮ್ಮ ಆ ಗೆರೆಯ ಮೇಲೆ ಬೆರಳಿಟ್ಟಳು. ಒಬ್ಬರ ದುಃಖ ತಂತಿಯೂ ಇಲ್ಲದೆ ಅಷ್ಟು ದೂರದಿಂದ ಬಂದು ಇನ್ನೊಬ್ಬರ ಮೂಳೆಯನ್ನೇ ಎತ್ತಿ ಕೂರಿಸಿತ್ತು. ಮೈ ಹೇಳಿದ್ದನ್ನು ಅವಳದೇ ಕೈ ಚಾಚೂ ತಪ್ಪದೆ ಬರೆದುಕೊಂಡಿತ್ತು. ಅವಳೊಬ್ಬಳೇ ಅದನ್ನು ಕಾಗದದ ತಪ್ಪು ಅಂದುಕೊಂಡವಳು.

ಅಕ್ಕನ ಫೋನು ಬಂತು. ಅವಳು ಅದನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಒತ್ತಿ, ಕುರ್ಚಿ ಎಳೆದು ಕೂತಳು.

"ಗಡ್ಡೆ ಇಲ್ಲಕ್ಕ. ಕುತ್ತಿಗೇಲಿ ನರ ಒತ್ಕೊಂಡಿದೆ ಅಷ್ಟೆ."

"ಸದ್ಯ, ಬದುಕಿದೆ. ಅಲ್ಲ, ಮೆಷಿನ್ ಸದ್ದೇ ಇಲ್ವಲ್ಲ?"

"ನಿಲ್ಲಿಸಿದೀನಿ. ಇನ್ಮೇಲೆ ಹೊಲಿಗೆ ಅಂದ್ರೆ ಹೊಲಿಗೆ, ಮಾತಂದ್ರೆ ಮಾತು."

"ಹಾಗಾದ್ರೆ ನನಗೆ ಹತ್ತು ನಿಮಿಷಾನೂ ಸಿಗಲ್ಲ ಅನ್ನು."

"ಅರ್ಧ ಗಂಟೆ ಕೊಡ್ತೀನಿ. ಪೂರ್ತಿ ನಿನಗೇ."

ಅಕ್ಕ ಮೆಲ್ಲಗೆ ಕೇಳಿದಳು: "ಮೆಷಿನ್ ಸದ್ದಲ್ಲಿ ಗೊತ್ತೇ ಆಗಿರ್ಲಿಲ್ಲ, ನಿನ್ನ ದನಿ ಥೇಟ್ ಅಮ್ಮಂದು ಆಗಿದೆ ಕಣೇ. ಯಾವಾಗಿಂದ?"