ಪಿತ್ತ ಒಡೆಯದ ಮೀನು

ಗಂಡನ ಹೆಣದ ಮಗ್ಗುಲಿನಿಂದ ಎದ್ದ ಪಾಪಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಹಿತ್ತಿಲಿಗೆ ನಡೆದಳು. ಕಲ್ಲುಬಾನಿಯೊಳಕ್ಕೆ ಎರಡೂ ಕೈ ಇಳಿಸಿ ಗೆಂಡೆ ಮೀನನ್ನು ಹಿಡಿದೆತ್ತಿದಳು. ಅದು ಬಾಲ ಬಡಿದು ಮುಖಕ್ಕೆಲ್ಲ ನೀರೆರಚಿತು. ಬೆಳಗಿನಿಂದ ಒಂದು ಹನಿಯೂ ಅಳದ ಮುಖ ಹಾಗೆ ಒದ್ದೆಯಾಯಿತು.

"ಏನವ್ವ ಇದು?" ಸತ್ತ ಲಕ್ಕಣ್ಣನ ಅಣ್ಣ ಬೈರಯ್ಯ ಹಿಂದೆಯೇ ಓಡಿಬಂದ. "ಮನೇಲಿ ಎಣ ಇಟ್ಕಂಡು ಮೀನು ಕುಯ್ತೀಯಾ? ಜನ ಏನಂದಾರು?"

"ನೆನ್ನೆ ಸಂಜೇಲಿ ಅವ್ರೇ ಇಡ್ಕಂಡು ಬಂದಿದ್ದು ಬಾವ. ಎದೆ ಯಾಕೋ ಇಡ್ಕಂಡದೆ, ಬೆಳಿಗ್ಗೆ ನಾನೇ ಉಜ್ತೀನಿ, ಯಾರೂ ಮುಟ್ಬ್ಯಾಡಿ ಅಂದು ಮನಿಕ್ಕಂಡ್ರು. ಏಳ್ನೇ ಇಲ್ಲ."

"ಮೂರ್ನೇ ದಿನ ಆಲುತುಪ್ಪಕ್ಕೆ ಬ್ಯಾರೆ ಮೀನು ತಂದು ಇಡಾನ. ಇದ್ನ ತಿರ್ಗ ಒಳೆ ನೀರ್ಗೆ ಬುಟ್ಬುಡು."

"ಬುಡಂಗಿದ್ರೆ ಅವ್ರೇ ಬುಡ್ತಿದ್ರು. ಇಡ್ದ ಮೀನ ಒಂದಿನಾನೂ ಕೆಡ್ಸಿದೋರಲ್ಲ. ಅವ್ರನ್ನ ಎತ್ತೋಕೆ ಮುಂಚೆ ಎಲೆ ಮ್ಯಾಲೆ ಎಡೆ ಇಟ್ಟು ಕಳಿಸ್ತೀನಿ. ನಂಗೆ ಅಡ್ಡ ಬರ್ಬ್ಯಾಡಿ."

ಹೆಣ ಎತ್ತುವುದಕ್ಕೂ ಹೊತ್ತಿತ್ತು. ಮಗಳು ರೇವಮ್ಮ ನುಗ್ಗೇಹಳ್ಳಿಯಿಂದ ಬರಬೇಕು. ಯುದ್ಧದಿಂದಾಗಿ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಓಡುತ್ತಿದ್ದವು ಎನ್ನುವುದೂ ಮರ್ಯಾದೆಯ ಮಾತು. ಬೈರಯ್ಯ ಸ್ವಲ್ಪ ಹೊತ್ತು ಗೊಣಗಿ, "ಮನೆ ಒಲೆ ಮಾತ್ರ ಅಚ್ಚಂಗಿಲ್ಲ, ಯೋಳಿವ್ನಿ" ಎಂದ.

"ಅವ್ರ ಒಲೆ ಇಲ್ಲೇ ಅದಲ್ಲ" ಎಂದಳು ಪಾಪಮ್ಮ. ಹಿತ್ತಿಲಿನ ಮೂಲೆಯಲ್ಲಿ ಮೂರು ಕಲ್ಲಿನ ಒಲೆಯೊಂದಿತ್ತು.

ಮೀನಿನ ತಲೆಯನ್ನು ಕಲ್ಲಿಗೆ ಬಡಿದು, ಬೂದಿ ಹಚ್ಚಿ ಉಜ್ಜಿದಳು. ಹುರುಪೆ ಎದ್ದು ಮೊಣಕೈವರೆಗೂ ಅಂಟಿತು. ಅಲ್ಲಿಯತನಕ ಸಲೀಸಾಯಿತು. ಹೊಟ್ಟೆ ಸೀಳಲು ಕುಡುಗೋಲು ಇಟ್ಟಾಗ ಕೈ ನಿಂತುಬಿಟ್ಟಿತು.

*

ಮದುವೆಯಾದ ವರ್ಷ ಪಾಪಮ್ಮ ಇದೇ ಕಲ್ಲಿನ ಮೇಲೆ ಒಂದು ಮೀನು ಕುಯ್ದಿದ್ದಳು. ಹೊಸ ಸೊಸೆಯ ಹುಮ್ಮಸ್ಸಿನಲ್ಲಿ ಕುಡುಗೋಲನ್ನು ಆಳಕ್ಕೆ ಇಳಿಸಿದ್ದೇ ತಡ, ಪಿತ್ತದ ಚೀಲ ಒಡೆದು ಹಸಿರು ನೀರು ಮಾಂಸಕ್ಕೆಲ್ಲ ಹರಿಯಿತು. ಎಷ್ಟು ತೊಳೆದರೂ ಕಹಿ ಹೋಗಲಿಲ್ಲ. ಲಕ್ಕಣ್ಣ ಆ ಸಾರನ್ನು ಕೊನೆಯ ತುತ್ತಿನವರೆಗೂ ಉಂಡ. ಕೈ ತೊಳೆದ ಮೇಲೆ, "ಇನ್ಮ್ಯಾಕೆ ನೀನು ಮುದ್ದೆ ತೊಳ್ಸು. ಮೀನು ನಂಗಿರ್ಲಿ" ಎಂದು ನಕ್ಕ.

ಅಂದಿನಿಂದ ಇಪ್ಪತ್ತಾರು ವರ್ಷ ಅವನು ಹಿತ್ತಿಲಲ್ಲಿ ಮೀನಿನ ಮುಂದೆ, ಅವಳು ಒಳಗೆ ಮುದ್ದೆಯ ಮುಂದೆ. ನೆಂಟರು ಬಂದಾಗಲೆಲ್ಲ ಆ ಕಹಿ ಸಾರಿನ ಕತೆ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಒಂದು ಸಲವಾದರೂ ಒಳ್ಳೆಯ ಮೀನುಸಾರು ಮಾಡಿ ಅವನ ಬಾಯಿ ಮುಚ್ಚಿಸಬೇಕೆಂಬ ಆಸೆ ಮಾತ್ರ ಎದೆಯಲ್ಲೇ ಉಳಿದಿತ್ತು.

*

"ಲಕ್ಕಣ್ಣ ಕಿವಿರಿನಿಂದ ಎರಡು ಬೆರಳು ಬಿಟ್ಟು ಕುಯ್ತಿದ್ದ, ತಾಯಿ."

ಪಾಪಮ್ಮ ತಲೆಯೆತ್ತಿದಳು. ಒಲೆಯಿಂದ ಆಚೆ, ಗುಂಡುಕಲ್ಲೊಂದರ ಮೇಲೆ ರುದ್ರಯ್ಯನವರು ಕೂತಿದ್ದರು. ಸಾವಿನ ಸುದ್ದಿ ಕೇಳಿ ಬಂದಿದ್ದ ಹೊಳೆನರಸೀಪುರದ ಬೆಲ್ಲದ ವ್ಯಾಪಾರಿ. ಹಣೆಯಲ್ಲಿ ವಿಭೂತಿ, ಎದೆಯಲ್ಲಿ ಲಿಂಗ. ಹುಟ್ಟಿದಾರಭ್ಯ ಮೀನು ಮುಟ್ಟಿದವರಲ್ಲ.

"ಕುಡುಗೋಲಿನ ತುದಿ ಅಷ್ಟೇ ಒಳಗೆ ಹೋಗ್ಲಿ. ಆಮೇಲೆ ಅದನ್ನ ಕೆಳಗಿಟ್ಟು ಬೆರಳಲ್ಲೇ ಬಿಡಿಸ್ತಿದ್ದ."

"ಲಿಂಗ ಕಟ್ದೋರು ಮೀನು ಕುಯ್ಯಾದ ಯೋಳ್ಕೊಡ್ತಾವ್ರಲ್ಲಪ್ಪ!" ಎಂದ ಬೈರಯ್ಯ. ಸಾವಿನ ಮನೆ ಎಂಬುದನ್ನು ಮರೆತು ಅಲ್ಲಿದ್ದ ಒಬ್ಬಿಬ್ಬರು ನಕ್ಕರು. ರುದ್ರಯ್ಯನವರು ಅತ್ತ ತಿರುಗಿಯೂ ನೋಡಲಿಲ್ಲ.

*

ಹೆಂಡತಿ ತೀರಿಕೊಂಡ ಮೇಲೆ ರುದ್ರಯ್ಯನವರಿಗೆ ಅಂಗಡಿ ಮುಚ್ಚಿದ ದಿನ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಹೇಮಾವತಿಯ ದಂಡೆ ಹಿಡಿದು ನಡೆದು ಬಂದವರು ಲಕ್ಕಣ್ಣ ಮೀನಿಗೆ ಗಾಳ ಹಾಕುವುದನ್ನು ನೋಡುತ್ತಾ ನಿಂತರು. ಹಾಗೆ ಶುರುವಾದದ್ದು ಹದಿನೈದು ವರ್ಷ ನಡೆಯಿತು.

ಒಲೆ ಹಚ್ಚುವ ಮುಂಚೆ ಲಕ್ಕಣ್ಣ ಒದ್ದೆ ಬೆರಳೆತ್ತಿ ಗಾಳಿ ನೋಡುತ್ತಿದ್ದ. ಆಮೇಲೆ ಗುಂಡುಕಲ್ಲನ್ನು ಹೊಗೆ ಬಾರದ ಕಡೆಗೆ ಉರುಳಿಸಿ, "ಇಲ್ಲಿ ಕೂತ್ಕಳಿ. ನನ್ ಮೀನಿನ ಒಗೆ ನಿಮ್ ಲಿಂಗಕ್ಕೆ ತಗಲ್ಬಾರ್ದು" ಎನ್ನುತ್ತಿದ್ದ. ಮೂರು ನೀರಿನಲ್ಲಿ ತೊಳೆದ ತುಂಡುಗಳನ್ನು ಮುತ್ತುಗದ ಎಲೆಯ ಮೇಲೆ ಸಾಲಾಗಿ ಜೋಡಿಸಿ, ಅವನ್ನೇ ನೋಡುತ್ತಾ ಒಂದು ಬೀಡಿ ಸೇದುತ್ತಿದ್ದ.

"ತಿನ್ನೋಕೆ ಇಷ್ಟು ಪಾಡೇನೋ?" ಎಂದು ಒಮ್ಮೆ ರುದ್ರಯ್ಯನವರು ಕೇಳಿದ್ದರು.

"ತಿನ್ನಾದು ಗಳಿಗೆ ಕೆಲ್ಸ ಬುಡಿ. ನೀರಲ್ಲಿ ಓಡಾಡ್ತಿದ್ದದ್ದು ನನ್ ಕೈಲೇ ಸಾರಾಯ್ತದಲ್ಲ, ಅಲ್ಲಿಗೇ ನಂಗೆ ಅರ್ಧ ಒಟ್ಟೆ ತುಂಬೋಯ್ತದೆ."

*

ಪಿತ್ತದ ಚೀಲ ಇಡಿಯಾಗಿ ಈಚೆಗೆ ಬಂತು. ಪಾಪಮ್ಮ ಅದನ್ನು ಅಂಗೈಯಲ್ಲಿಟ್ಟು ನೋಡಿದಳು, ಆಮೇಲೆ ತಿಪ್ಪೆಗೆ ಎಸೆದಳು. ಮೀನನ್ನು ತುಂಡು ಮಾಡಿ ಮೂರು ನೀರಿನಲ್ಲಿ ತೊಳೆದಳು. ಕಾರ ಅರೆದು, ಹುಣಸೆ ಕಿವುಚಿ, ಮಡಕೆಯನ್ನು ಒಲೆಗಿಟ್ಟಳು. ಸೌಟಿಗೆ ಕೈ ಹಾಕಿದಾಗ ರುದ್ರಯ್ಯನವರು, "ಬೇಡ, ತುಂಡು ಒಡೀತವೆ. ಮಡಕೇನೇ ಹಿಡ್ದು ಅಲ್ಲಾಡಿಸ್ತಿದ್ದ" ಎಂದರು. ಸಾರು ಕುದಿಯಿತು. ಜಗಲಿಯಲ್ಲಿದ್ದವರು ಹಿತ್ತಿಲ ಕಡೆ ತಿರುಗಿದರು. ಅದು ಲಕ್ಕಣ್ಣನ ಹಿತ್ತಿಲಿನದೇ ವಾಸನೆ.

ರಸ್ತೆಯ ಕಡೆ ಬಸ್ಸು ಕೆಮ್ಮುವುದು ಕೇಳಿಸಿತು.

"ಉಪ್ಪು ಸರಿಯಾಗಿ ಅದೋ ಇಲ್ವೋ" ಎಂದಳು ಪಾಪಮ್ಮ. "ಎಡೆಗಿಡಾದ್ನ ನಾಲ್ಗೆಗೆ ಆಕ್ಕಂಡು ನೋಡಂಗಿಲ್ಲ. ಈ ಸಲಾನೂ ಕೆಡಿಸ್ಬುಟ್ಟಿದ್ರೆ ನಾನೇನ್ ಮಾಡ್ಲಿ, ರುದ್ರಯ್ನೋರೇ? ಇನ್ನೊಂದ್ಸಲ ಅಂಬೋದು ಇಲ್ವಲ್ಲ." ಅಷ್ಟು ಹೇಳುವಷ್ಟರಲ್ಲಿ ಬೆಳಗಿನಿಂದ ತಡೆದಿದ್ದ ಅಳು ಬಂದುಬಿಟ್ಟಿತು.

ರುದ್ರಯ್ಯನವರು ಎದ್ದರು. ತಾವು ಕೂತಿದ್ದ ಗುಂಡುಕಲ್ಲನ್ನು ಎರಡೂ ಕೈಯಿಂದ ಉರುಳಿಸಿಕೊಂಡು ಒಲೆಯನ್ನು ಬಳಸಿ ಬಂದು, ಹೊಗೆ ಬೀಸುತ್ತಿದ್ದ ಕಡೆಗೆ ಹಾಕಿ ಕೂತರು. ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡರು.

"ಸರಿಯಾಗಿದೆ, ತಾಯಿ" ಎಂದರು. "ತಗೊಂಡೋಗಿ ಬಡಿಸು."

ಅವಳು ಮಡಕೆ ಎತ್ತಿಕೊಂಡು ಒಳಗೆ ಹೋದಳು. ಒಳಗಿಂದ ಮಗಳ ಅಳು ಕೇಳಿತು, ಬೀದಿಯಲ್ಲಿ ತಮಟೆ ಶುರುವಾಯಿತು. ಬೈರಯ್ಯ ಬಂದು, "ಈ ಕಡೀಕೆ ಬನ್ನಿ, ಅಲ್ಲಿ ಒಗೆ" ಎಂದ. ರುದ್ರಯ್ಯನವರು ಕದಲಲಿಲ್ಲ, ಲಿಂಗ ತೂಗುತ್ತಿದ್ದ ಎದೆಯ ಮೇಲೆಲ್ಲ ಹೊಗೆ ಹಾಯುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು.