ಬಿರುಗಾಳಿಯೋ, ಬರೀ ಹಿಮವೋ

ಬುಧವಾರ ಬೆಳಿಗ್ಗೆ ವರ್ನಾ ಲಾಶೋಮ್ ಅಂತರ್ಜಾಲದ ವಿಶ್ವಕೋಶದಲ್ಲಿ ಬರೆದ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿಯೊಂದು ಕಾಣಿಸಿಕೊಂಡಿತು. ಈ ಲೇಖನವನ್ನು ಅಳಿಸಬೇಕೆಂದು ಸೂಚನೆ ಬಂದಿದೆ, ಒಂದು ವಾರ ಚರ್ಚೆ ನಡೆಯುತ್ತದೆ, ಆಸಕ್ತರು ಸಭ್ಯತೆಯಿಂದ ಭಾಗವಹಿಸಬಹುದು ಎಂದು ಅದರಲ್ಲಿ ಬರೆದಿತ್ತು. ಸೂಚಿಸಿದವರ ಹೆಸರು 'ಉತ್ತರಗಾಳಿ'.

ಈ ಉತ್ತರಗಾಳಿ ಯಾರೆಂದು ವರ್ನಾಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಅವನು ಅವಳದೇ ಅಡುಗೆಮನೆಯಲ್ಲಿ ಕೂತು, ಅವಳೇ ಮಾಡಿದ ಸೇಬಿನ ಪೈ ತಿನ್ನುತ್ತಿದ್ದ.

"ರೋಸೇರ್, ನಿನಗೆ ನಾಚಿಕೆ ಅನ್ನೋದು ಇದೆಯಾ?"

"ಇದೆ. ಆದ್ರೂ ಇನ್ನೊಂದು ತುಂಡು ಕೊಡು."

ರೋಸೇರ್ ಅವಳ ಗಂಡ ಆರ್ಮಂಡನ ತಮ್ಮ. ಮದುವೆಯಾಗದ ಮನುಷ್ಯ. ಲೋಕದ ಜನರೆಲ್ಲ ಸೇರಿ ಪುಕ್ಕಟೆಯಾಗಿ ಬರೆಯುವ ಆ ಅಂತರ್ಜಾಲದ ವಿಶ್ವಕೋಶದಲ್ಲಿ ಚಳಿಗಾಲದ ಬಿರುಗಾಳಿಗಳ ಪುಟಗಳನ್ನು ವರ್ಷಗಳಿಂದ ಕಾಯುತ್ತ ಬಂದವನು. ಆರ್ಮಂಡ್ ತೀರಿಕೊಂಡ ಮೇಲೆ ಅತ್ತಿಗೆ ದಿನವಿಡೀ ಕಿಟಕಿಯ ಬಳಿ ಸುಮ್ಮನೆ ಕೂರುವುದನ್ನು ನೋಡಲಾರದೆ, ಅವಳಿಗೂ ಆ ಕೆಲಸ ಕಲಿಸಿಕೊಟ್ಟ. ಅವಳು 'ಚಳಿಗುಬ್ಬಿ' ಎಂದು ಹೆಸರಿಟ್ಟುಕೊಂಡು ಎರಡು ತಿಂಗಳು ಬೇರೆಯವರ ಪುಟಗಳಲ್ಲಿ ತಪ್ಪು ತಿದ್ದಿದಳು. ಮೂರನೆಯ ತಿಂಗಳು ಸ್ವಂತ ಬಿರುಗಾಳಿಯೊಂದನ್ನು ಬರೆದಳು.

ಅದು ಎರಡು ವರ್ಷದ ಹಿಂದಿನ ಜನವರಿಯದು. ಒಂಟಾರಿಯೋ ಸರೋವರದ ಮೇಲಿಂದ ಬಂದ ಮೋಡ ಕಾರ್ವರ್ ಹಾಲೋ ಊರಿನ ತಲೆಯ ಮೇಲೆ ನಿಂತು, ಅಂಚೆಪೆಟ್ಟಿಗೆಗಳನ್ನೆಲ್ಲ ಹೂತುಹಾಕಿತ್ತು. ಆರ್ಮಂಡ್ ಊರಿನ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ. ಅದೇ ಅವನು ತೆಗೆದ ಕೊನೆಯ ಹಿಮ. ಅದು ಕರಗುವ ಮೊದಲೇ ದೇವರು ಅವನನ್ನು ಕರೆಸಿಕೊಂಡ. ಪುಟದಲ್ಲಿ ಅವನ ಹೆಸರಿರಲಿಲ್ಲ, ನಿಯಮ ಬಿಡುವುದಿಲ್ಲ. 'ಪಟ್ಟಣದ ಚಾಲಕರು ಹಗಲಿರುಳು ದುಡಿದರು' ಎಂಬ ಒಂದು ಸಾಲಿತ್ತು, ಅಷ್ಟೆ. ವರ್ನಾಗೆ ಆ ಒಂದು ಸಾಲು ಲೋಕದಲ್ಲಿ ಉಳಿದರೆ ಸಾಕಾಗಿತ್ತು.

"ನೋಡು, ಎಲ್ಲಾ ಹಿಮಕ್ಕೂ ಪುಟ ಕೊಡಕ್ಕಾಗಲ್ಲ," ಎಂದ ರೋಸೇರ್. "ಹೊರಗಿನ ಪತ್ರಿಕೆಯವರು ಬರೆದಿರಬೇಕು. ಅದರ ಪರಿಣಾಮ ಹಿಂದೆ ಉಳಿದಿರಬೇಕು. ನಿನ್ನ ಪುಟಕ್ಕೆ ಆಧಾರ ಏನು? ನಮ್ಮ ಚರ್ಚಿನ ವಾರಪತ್ರಿಕೆ."

"ಫಾದರ್ ಸುಳ್ಳು ಬರೀತಾರಾ?"

"ಫಾದರ್ ಬರೆದಿದ್ದು ಹಿಮದಿಂದಾಗಿ ಭಾನುವಾರ ಪೂಜೆ ಆದ್ಮೇಲೆ ಕಾಫಿ ಜೊತೆ ಡೋನಟ್ ಇರಲ್ಲ ಅಂತ ಮಾತ್ರ."

"ಡೋನಟ್ ನಿಂತಿದ್ದು ಪರಿಣಾಮ ಅಲ್ವಾ?"

ನಿಜವಾದ ತೊಂದರೆ ಬೇರೆ ಇತ್ತು. ಆ ಸೀಮೆಯ ಜನ ಬಿರುಗಾಳಿಯನ್ನು ಬಿರುಗಾಳಿ ಎಂದು ಒಪ್ಪಿಕೊಳ್ಳುವುದಿಲ್ಲ. ಮನೆಯ ಮಾಡಿನವರೆಗೆ ಹಿಮ ಬಿದ್ದು, ಮಹಡಿಯ ಕಿಟಕಿಯಿಂದ ಹೊರಗಿಳಿದು ಬಂದವನೂ 'ಸ್ವಲ್ಪ ಉದುರಿತು' ಎನ್ನುತ್ತಾನೆ. ಹೆಚ್ಚು ಹೇಳಿದರೆ ಹಿಮ ಕಾಣದ ತೆಂಕಣ ಸೀಮೆಯಿಂದ ಬಂದವನೆಂದು ನಗುತ್ತಾರೆ. ಹೀಗಾಗಿ ಅಲ್ಲಿ ಹಿಮ ಬಿದ್ದಷ್ಟು ಇನ್ನೆಲ್ಲೂ ಬಿದ್ದಿಲ್ಲ, ಅಲ್ಲಿಯಷ್ಟು ಕಡಿಮೆ ಸುದ್ದಿ ಇನ್ನೆಲ್ಲೂ ಆಗಿಲ್ಲ.

ಚರ್ಚೆಯ ಪುಟದಲ್ಲಿ ಇಬ್ಬರ ಮಾತಿಗೂ ಇಸ್ತ್ರಿ ಹಾಕಿದಂತಿತ್ತು.

'ಮಾನ್ಯ ಉತ್ತರಗಾಳಿಯವರ ಅಪಾರ ಅನುಭವಕ್ಕೆ ತಲೆಬಾಗುತ್ತಲೇ, ಅವರ ವಾದ ಒಪ್ಪತಕ್ಕದ್ದಲ್ಲ ಎಂದು ತಿಳಿಸಬಯಸುತ್ತೇನೆ,' ಎಂದು ಚಳಿಗುಬ್ಬಿ ಬರೆದಳು.

'ಚಳಿಗುಬ್ಬಿಯವರ ಸದ್ಭಾವನೆಯನ್ನು ನಾನು ಶಂಕಿಸುವುದಿಲ್ಲ,' ಎಂದು ಉತ್ತರಗಾಳಿ ಉತ್ತರಿಸಿ, ಮೇಜಿನಾಚೆಯಿಂದ "ವರ್ನಾ, ಕಾಫಿ ಆರಿಹೋಯ್ತು" ಎಂದ.

ಗುರುವಾರ ಚರ್ಚಿನ ಹೆಂಗಸರ ಜಪಸರ ಸಂಘದಲ್ಲಿ ವರ್ನಾ ತನ್ನ ಸಂಕಟ ಹೇಳಿಕೊಂಡಳು. ಬೇಡವೆಂದರೂ ಸಂಘದ ಗೆಳತಿ ಯುನೀಸ್ ಬ್ರೆಸೆಟ್ ಕೇಳಲಿಲ್ಲ. "ಅಯ್ಯೋ ಹುಚ್ಚಿ, ನಾವಿರೋದು ಯಾತಕ್ಕೆ?" ಎಂದು ಸಂಘದ ಹೆಂಗಸರನ್ನೆಲ್ಲ ಗ್ರಂಥಾಲಯದ ಒಂದೇ ಕಂಪ್ಯೂಟರಿನ ಮುಂದೆ ಸಾಲಾಗಿ ನಿಲ್ಲಿಸಿದಳು. ಸಂಜೆಯೊಳಗೆ ಚರ್ಚೆಗೆ ಹೊಸಬರ ದಂಡೇ ಇಳಿಯಿತು. 'ಉಳಿಸಿ. ವರ್ನಾ ಒಳ್ಳೆಯ ಹೆಂಗಸು.' 'ಉಳಿಸಿ. ದೇವರು ನೋಡುತ್ತಿದ್ದಾನೆ.' 'ಉಳಿಸಿ. ಯುನೀಸ್ ಹೇಳಿದಳು.'

ತೀರ್ಪು ಕೊಡಬೇಕಾದ ನಿರ್ವಾಹಕ ಆಸ್ಟ್ರೇಲಿಯಾದ ಡಾರ್ವಿನ್ ಊರಿನವನು. ಹಿಮವನ್ನು ಅವನು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಒಬ್ಬನೇ ಮನುಷ್ಯ ಹಲವು ವೇಷ ಹಾಕಿ ಬಂದಿದ್ದಾನೆಂದು ತೀರ್ಮಾನಿಸಿ, ಅಷ್ಟನ್ನೂ ಗೀಟು ಎಳೆದು ಹೊಡೆದುಹಾಕಿದ.

"ನನ್ನನ್ನ ವೇಷ ಅಂದನಾ ಅವನು?" ಎಂದು ಯುನೀಸ್ ಫೋನಿನಲ್ಲಿ ಕೂಗಿದಳು. "ಬರಲಿ ಇಲ್ಲಿಗೆ, ಫೆಬ್ರವರಿಯಲ್ಲಿ!"

ಸೋಮವಾರ ಮಧ್ಯಾಹ್ನ ರೋಸೇರ್ ಬಂದ. ಬೂಟಿನ ಹಿಮ ಕೊಡವಲಿಲ್ಲ. ಪೈ ಕೇಳಲಿಲ್ಲ. ಕೈಯಲ್ಲಿ ಒಂದು ಹಾಳೆಯಿತ್ತು.

"ಆಧಾರ ಸಿಕ್ತು," ಎಂದ. "ಎರಡು ದಿನದಿಂದ ಹಳೇ ಪತ್ರಿಕೆಗಳಲ್ಲಿ ಹುಡುಕ್ತಾ ಇದ್ದೆ. ಹೊರಗಿನ ದೊಡ್ಡ ಪತ್ರಿಕೆ. ವರದಿಗಾರ ಇಲ್ಲೀತನಕ ಬಂದಿದ್ದ."

"ಹುಡುಕ್ತಿದ್ದೆಯಾ? ನನಗೋಸ್ಕರನಾ?"

"ಮೊದಲು ಓದು, ಮಾರಾಯ್ತಿ. ಆಮೇಲೆ ಹೊಗಳು."

ವರ್ನಾ ಕನ್ನಡಕ ಹಾಕಿಕೊಂಡು ಓದಿದಳು. ಇದು ಈ ದಶಕದ ಭೀಕರ ಬಿರುಗಾಳಿಯೇ ಎಂದು ವರದಿಗಾರ ರಸ್ತೆಯ ಪಕ್ಕದಲ್ಲಿ ಹಿಮ ತೆಗೆಯುವ ಲಾರಿಯ ಚಾಲಕನೊಬ್ಬನನ್ನು ಕೇಳಿದ್ದ. ಚಾಲಕ ಆರ್ಮಂಡ್ ಲಾಶೋಮ್ ಹೇಳಿದ್ದು ಹೀಗೆ ಅಚ್ಚಾಗಿತ್ತು: "ಬಿರುಗಾಳಿನಾ? ಎಲ್ಲಪ್ಪಾ? ನನ್ನ ಹೆಂಡತಿ ಪೈಗೆ ಹಿಟ್ಟು ಕಲಸೋವಾಗ ಅಡುಗೆಮನೇಲಿ ಇದಕ್ಕಿಂತ ಜಾಸ್ತಿ ಬೀಳುತ್ತೆ."

ಅವಳ ಬೆರಳು ಆ ಸಾಲಿನ ಕೆಳಗೆ ನಿಂತುಬಿಟ್ಟಿತ್ತು.

"ಇರೋದು ಇದೊಂದೇ ಆಧಾರ, ಅದೂ ಬಿರುಗಾಳಿನೇ ಅಲ್ಲ ಅನ್ನುತ್ತೆ," ಎಂದ ರೋಸೇರ್ ಮೆಲ್ಲಗೆ. "ಇದನ್ನ ಹಾಕಿದ್ರೆ ಪುಟ ಹೋಯ್ತು. ಹಾಕದಿದ್ರೆ, ಆ ಡಾರ್ವಿನ್‌ನವನು ಬೇಸತ್ತು ಉಳಿಸಿದ್ರೂ ಉಳಿಸಬಹುದು. ನಾನು ಇದನ್ನ ನೋಡೇ ಇಲ್ಲ ಅಂದ್ಕೋತೀನಿ. ನೀನು ಹೂಂ ಅನ್ನು, ಒಲೆಗೆ ಹಾಕ್ತೀನಿ."

ನಿಯಮವೆಂದರೆ ಜೀವ ಬಿಡುವ ಮನುಷ್ಯ ಹೀಗೆ ಹೇಳಬೇಕಾದರೆ ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ವರ್ನಾಗೆ ತಿಳಿಯಿತು. ಅವಳು ಗೋಡೆಯ ಶಿಲುಬೆಯತ್ತ ನೋಡಿದಳು. ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ಅವಳಿಗೆ ಮಗುವಾಗಿದ್ದಾಗಿನಿಂದ ಬಾಯಿಪಾಠ. ಆದರೆ ಆ ಹೊತ್ತು ಅವಳನ್ನು ತಡೆದದ್ದು ಅದೊಂದೇ ಅಲ್ಲ.

"ಎರಡು ವರ್ಷ ಆಯ್ತು ರೋಸೇರ್, ಅವನ ಒಂದು ಮಾತು ಕೇಳಿ. ಈಗ ಬಾಯಿ ಬಿಟ್ಟಿದಾನೆ. ನಾನೇ ಮುಚ್ಚಿಸಲಾ?"

ಅವಳೇ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿ ಬರೆದಳು:

'ಅಳಿಸಿ. ಸ್ವತಂತ್ರ ಆಧಾರ ದೊರೆತಿದ್ದು, ಕೆಳಗೆ ಲಗತ್ತಿಸಿದ್ದೇನೆ. ನಿಯಮದಂತೆ ನನ್ನ ಸಂಬಂಧವನ್ನೂ ತಿಳಿಸುತ್ತಿದ್ದೇನೆ: ಹೇಳಿಕೆ ನೀಡಿದವರು ನನ್ನ ಪತಿ. ಈಗ ದೇವರ ಸನ್ನಿಧಿಯಲ್ಲಿದ್ದಾರೆ. ಹಿಮದ ವಿಷಯದಲ್ಲಿ ಅವರ ಮಾತನ್ನು ನಂಬಬಹುದು. ಹಿಟ್ಟಿನ ವಿಷಯದಲ್ಲಿ ಹೇಳಿದ್ದು ಶುದ್ಧ ಸುಳ್ಳು.'

"ಸುಳ್ಳು ಅನ್ನೋದಕ್ಕೆ ಆಧಾರ?" ಎಂದ ರೋಸೇರ್, ಅವಳ ಹೆಗಲ ಮೇಲಿಂದ ಇಣುಕುತ್ತ.

"ನಾನೇ ಆಧಾರ."

"ನೀನು ಸ್ವತಂತ್ರ ಆಧಾರ ಅಲ್ಲ. ಅದೂ ಅಲ್ದೆ, ನಾನೂ ಈ ಅಡುಗೆಮನೆ ನೆಲ ನೋಡಿದೀನಿ."

"ಬಾಯಿ ಮುಚ್ಚು. ನೀವು ಅಣ್ಣತಮ್ಮಂದಿರು ಒಂದೇ ಜಾತಿ."

ಬುಧವಾರ ತೀರ್ಪು ಬಂತು: 'ಅಳಿಸಲಾಗಿದೆ. ಹಿಟ್ಟಿನ ವಿಷಯದಲ್ಲಿ ಒಮ್ಮತ ಮೂಡಿಲ್ಲ.'

ವರ್ನಾ ನಕ್ಕಳು. ನಕ್ಕು ನಕ್ಕು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಳುತ್ತಿದ್ದಾಳೋ ಏನೋ ಎಂದು ರೋಸೇರ್ ಗಾಬರಿಯಾಗಿ ಎದ್ದು ನಿಂತ. ಎರಡೂ ಇತ್ತು.

"ಕೂತ್ಕೋ," ಎಂದು ಅವಳು ಕಣ್ಣೊರೆಸಿಕೊಂಡು ಆ ಹಾಳೆಯನ್ನು ಅವನತ್ತ ತಳ್ಳಿದಳು. "ಓದು. ಅವನ ಹಾಗೆ ಓದಬೇಕು, ನಿನ್ನ ಹಾಗಲ್ಲ."

ರೋಸೇರ್ ಗಂಟಲು ಸರಿಮಾಡಿಕೊಂಡು ಓದಿದ.

"ಅಷ್ಟು ಎಳೀಬೇಡ," ಎಂದಳು ವರ್ನಾ. "ಅವನು ಮಾತು ಮುಗಿಯೋ ಮೊದಲೇ ಗೇರ್ ಹಾಕಿರ್ತಿದ್ದ. ಇನ್ನೊಂದ್ಸಲ ಓದು."