ಧೋತರದ ಮೇಲಿಂದ

ಡಾಕ್ಟರ್ ವಿವೇಕಾನಂದರಿಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಸ್ವಂತ ಆಸ್ಪತ್ರೆ ಕಟ್ಟಿ ಇಪ್ಪತ್ತೆರಡು ವರ್ಷ ಕತ್ತರಿ ಆಡಿಸಿದ ಸರ್ಜನ್ ಅವರು. ನಿನ್ನೆ ಮೊನ್ನೆ ಅವರಲ್ಲಿ ಕೆಲಸಕ್ಕೆ ಸೇರಿದ ಕಿರಿಯ ಸರ್ಜನ್ ಪ್ರಿಯದರ್ಶಿನಿ ಗುರುತು ಹಿಡಿದ ರೋಗ ಅವರಿಗೆ ಸಿಕ್ಕಿರಲಿಲ್ಲ. ಅದೂ ಸ್ವಂತ ಸೋದರಮಾವನ ರೋಗ.

ಕಮಲಾಪುರದಲ್ಲಿ ಬಾಳೆ ಬೆಳೆಯುವ ಸೂಗಪ್ಪನಿಗೆ ವೃಷಣಚೀಲ ಊದಿ ವರ್ಷವಾಗಿತ್ತು. ಹೆಂಡತಿಗೂ ಹೇಳದೆ ಅಳಿಯನ ಹತ್ತಿರ ಬಂದಿದ್ದ. ಎತ್ತಿ ಆಡಿಸಿದ ಮಾವನ ಧೋತರ ಬಿಚ್ಚಿಸುವುದಾದರೂ ಹೇಗೆ? ವಿವೇಕಾನಂದರು ಮುಖ ಗೋಡೆಗೆ ತಿರುಗಿಸಿ, ಧೋತರದ ಮೇಲಿಂದಲೇ ಮುಟ್ಟಿ, ನೀರು ತುಂಬಿದೆ, ಸೂಜಿ ಹಾಕಿ ತೆಗೆದರಾಯಿತು ಎಂದುಬಿಟ್ಟರು. ಇಬ್ಬರ ಮಾನವೂ ಉಳಿಯಿತು.

ನೀರು ತೆಗೆಯುವ ದಿನ ಪ್ರಿಯದರ್ಶಿನಿ ಬಟ್ಟೆ ಸರಿಸಿ, ದೀಪ ಆರಿಸಿ, ಊತಕ್ಕೆ ಟಾರ್ಚ್ ಹಿಡಿದಳು. ಬರೀ ನೀರಾಗಿದ್ದರೆ ಬೆಳಕು ಕೆಂಪಗೆ ಆಚೆ ಕಾಣಬೇಕು. ಹೊರಗೆ ಬಂದು ವಿವೇಕಾನಂದರಿಗೆ ಮೆಲ್ಲಗೆ ಹೇಳಿದಳು.

"ಸರ್, ಬೆಳಕು ಹಾಯವಲ್ದು. ಇದು ನೀರಲ್ರಿ, ಗಡ್ಡಿ ಅದ. ಸೂಜಿ ಹಾಕೋದು ಬ್ಯಾಡ್ರಿ."

ಸೂಜಿ ಆಗಲೇ ಅವರ ಕೈಯಲ್ಲಿತ್ತು. ಚುಚ್ಚಿದ್ದರೆ ಕ್ಯಾನ್ಸರ್ ಹರಡಬಹುದಿತ್ತು. ಟಾರ್ಚಿನ ಆ ಪಾಠವನ್ನು, ಮೆಡಿಕಲ್ ಕಾಲೇಜಿಗೆ ಕಲಿಸಲು ಹೋಗುತ್ತಿದ್ದಾಗ, ಅವಳಿಗೆ ಹೇಳಿಕೊಟ್ಟವರು ಇವರೇ! ಅವಳು ಒಂದಿಷ್ಟು ಜಂಬ ಕೊಚ್ಚಿದ್ದರೂ ಬೈದು ಹಗುರಾಗುತ್ತಿದ್ದರು. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ.

ಸ್ಕ್ಯಾನಿನಲ್ಲಿ ಗಡ್ಡೆ ಬೀಜಕ್ಕೆ ಅಂಟಿಯೂ ಅಂಟದಂತೆ, ಮೆತ್ತನೆಯ ಕೊಬ್ಬಿನಲ್ಲಿ ಕಂಡಿತು. ಮಾವನನ್ನು ಹೈದರಾಬಾದಿಗೆ ಕಳಿಸಿದರೆ ಇವಳಿಗೆ ಹೆಸರು ಬರುವುದಿಲ್ಲ ಎಂಬ ಯೋಚನೆ ವಿವೇಕಾನಂದರಿಗೆ ಬಂದದ್ದು ನಿಜ. ಆದರೆ ಇಂಥ ಗಡ್ಡೆ ತೆಗೆಯುವುದನ್ನೇ ಅವಳು ಎರಡು ವರ್ಷ ಕಲಿತು ಬಂದಿದ್ದಳು, ಮಾವನ ಜೀವ ಮುಖ್ಯವಾಗಿತ್ತು; ಆಪರೇಶನ್ ಅವಳಿಗೇ ಬಿಟ್ಟರು. ಅವಳು ತೊಡೆಸಂದಿನಿಂದ ಕೊಯ್ದು, ಗಡ್ಡೆಯನ್ನು ಒಡೆಯದೆ, ಬೀಜದ ಸಮೇತ ಇಡಿಯಾಗಿ ಹೊರತೆಗೆದಳು. ಗಾಯದ ಅಂಚು ಎಳೆದು ಹಿಡಿಯುವ ಕೆಲಸ ಇವರಿಗೆ ಬಂತು. ಅವಳ ಕೈ ತಮ್ಮ ಕೈಗಿಂತ ಚೆನ್ನಾಗಿತ್ತು, ಅದನ್ನು ಮುಕ್ಕಾಲು ಗಂಟೆ ನೋಡಬೇಕಾಯಿತು. ಲ್ಯಾಬಿನವರು ಕೊಬ್ಬಿನ ಅಪರೂಪದ ಕ್ಯಾನ್ಸರ್ ಎಂದರು, ಪೂರ್ತಿ ಹೊರಬಂದಿದೆ, ಏನೂ ಉಳಿದಿಲ್ಲ ಎಂದರು.

ಹೊಲಿಗೆ ಬಿಚ್ಚಿಸಲು ಸೂಗಪ್ಪ ಕೆಂಪು ಬಾಳೆಯ ಗೊನೆ ಹೊರಿಸಿಕೊಂಡು ಬಂದ. ಪ್ರಿಯದರ್ಶಿನಿಯನ್ನು ಕಂಡದ್ದೇ ತಾನಾಗಿ ಧೋತರದ ಗಂಟಿಗೆ ಕೈಹಾಕಿದ. ಆಮೇಲೆ ಅಳಿಯನ ಕಡೆ ಪ್ರೀತಿಯಿಂದ ತಿರುಗಿದ.

"ಅಳ್ಯಾ, ನೀ ಜರಾ ಹೊರಗ ನಿಂದರಪ್ಪ. ನಿನಗ ನಾಚಿಕಿ ಆಗ್ತದ."

ವಿವೇಕಾನಂದರು ಪರದೆಯಾಚೆ ಬಂದು ನಿಂತರು. ಹೊಸದಾಗಿ ಬಂದ ಒಬ್ಬ ರೋಗಿ, ಡಾಕ್ಟರು ಒಳಗೆ ಇದ್ದಾರೆಯೇ ಎಂದು ಅವರನ್ನೇ ಕೇಳಿದ.

"ಅದಾರ," ಎಂದರು.